ಅಂಗಳದಲ್ಲಿ ನಿಂತ ಕಾರಿನ ಖರ್ಚು

ಕಾರು ಕೊಳ್ಳಲು ಹೊರಟವರನ್ನು ಗಮನಿಸಿ. "ಮೈಲೇಜ್ ಎಷ್ಟು?" ಎಂಬುದು ಮೊದಲ ಪ್ರಶ್ನೆ. "ರೀಸೇಲ್ ಉಂಟಾ?" ಎಂಬುದು ಎರಡನೆಯದು. ಈ ಎರಡರ ನಡುವೆ ಸದ್ದಿಲ್ಲದೆ ಕರಗುವ ದುಡ್ಡನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ಬನ್ನಿ, ಒಂದು ಲೆಕ್ಕ ಮಾಡೋಣ. ಶೋರೂಮ್ ಬೆಲೆ 6 ಲಕ್ಷದ ಹೊಸ ಕಾರನ್ನು ನೀವು ಮನೆಗೆ ತಂದಿರಿ ಎನ್ನಿ. ವಿಮೆಯವರ ವಾಡಿಕೆಯ ಸವಕಳಿ ಪಟ್ಟಿಯಂತೆ ಮೊದಲ ಆರು ತಿಂಗಳಲ್ಲಿ ಶೇ. 5, ವರ್ಷದೊಳಗೆ ಶೇ. 15, ಎರಡನೆಯ ವರ್ಷದಲ್ಲಿ ಶೇ. 20, ಐದನೆಯ ವರ್ಷದಲ್ಲಿ ಸರಿಯಾಗಿ ಅರ್ಧ ಬೆಲೆ ಕಳೆಯುತ್ತದೆ. ಮಾರುಕಟ್ಟೆಯಲ್ಲಿ ತುಸು ಹೆಚ್ಚು ಕಡಿಮೆ ಸಿಗಬಹುದು. ಲೆಕ್ಕಕ್ಕೆ ಇದನ್ನೇ ಹಿಡಿಯಿರಿ. ಐದು ವರ್ಷಕ್ಕೆ 3 ಲಕ್ಷ, ಅಂದರೆ ತಿಂಗಳಿಗೆ 5,000 ರೂಪಾಯಿ ಹೋಯಿತು. ತಿಂಗಳಿಗೆ 500 ಕಿ.ಮೀ. ಓಡುವ ಮನೆಯ ಕಾರಿಗೆ ಇದು ಕಿಲೋಮೀಟರಿಗೆ 10 ರೂಪಾಯಿ! ಪೆಟ್ರೋಲು ಲೀಟರಿಗೆ 100 ರೂಪಾಯಿ, ಕಾರು ಕೊಡುವುದು 15 ಕಿ.ಮೀ. ಎಂದಿಟ್ಟುಕೊಂಡರೂ ಕಿಲೋಮೀಟರಿಗೆ ಏಳು ರೂಪಾಯಿ ದಾಟುವುದಿಲ್ಲ. ನಾವು ಮಾತ್ರ ಪೆಟ್ರೋಲ್ ಬಂಕಿನಲ್ಲೇ ನಿಟ್ಟುಸಿರು ಬಿಡುತ್ತೇವೆ.

ನಮ್ಮ ರಾಜ್ಯದಲ್ಲಿ ಇಂಥ ಕಾರಿಗೆ ಶೇ. 14ರ ಜೀವಾವಧಿ ತೆರಿಗೆಯೆಂದು 84,000 ರೂಪಾಯಿ ಕಟ್ಟಬೇಕು, ಸೆಸ್ ಬೇರೆ. ಸಾಲದ ಬಡ್ಡಿಯಂತೂ ಮರಳಿ ಬರುವ ಮಾತೇ ಇಲ್ಲ.

ಗಲ್ಫಿನಿಂದ ರಜೆಯಲ್ಲಿ ಬಂದು ಹೊಸ ಕಾರು ತೆಗೆದು, ಎರಡು ತಿಂಗಳು ಸುತ್ತಾಡಿ, ಟಾರ್ಪಾಲು ಹೊದಿಸಿ ಹೋಗುವ ಸಹೋದರರು ಇದನ್ನು ಓದಬೇಕು. ಟಾರ್ಪಾಲಿನಡಿಯಲ್ಲಿ ಸವಕಳಿ ನಿಲ್ಲುವುದಿಲ್ಲ. ಬ್ಯಾಟರಿ ಸಾಯುತ್ತದೆ, ಇಲಿ ವಯರು ಕಡಿಯುತ್ತದೆ. ಆ ಎರಡು ತಿಂಗಳಿಗೆ ಬಾಡಿಗೆ ಕಾರೇ ಅಗ್ಗ.

ಅದೇ ಕಾರನ್ನು ಐದು ವರ್ಷದ ಬಳಿಕ 3 ಲಕ್ಷಕ್ಕೆ ಕೊಂಡು, ಇನ್ನೈದು ವರ್ಷ ಓಡಿಸಿ ಒಂದೂವರೆಗೆ ಮಾರಿದವನಿಗೆ ಸವಕಳಿ ತಿಂಗಳಿಗೆ 2,500 ಮಾತ್ರ. ಟಯರು, ಕ್ಲಚ್ಚು ಎಂದು ಖರ್ಚು ಬಂದರೂ ನಮ್ಮಂಥ ಸಂಬಳದಾರರಿಗೆ ಒಬ್ಬರೇ ಓಡಿಸಿದ ಇಂಥ ಕಾರು ವಾಸಿಯೆಂದು ನನ್ನ ಅಭಿಪ್ರಾಯ. ಆದರೆ 15 ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ. ಅದರ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಎಪ್ರಿಲಿನಲ್ಲಿ 5,000 ಆಯಿತು.

ರೀಸೇಲ್ ನಂಬಿಯೂ ಕೂರುವಂತಿಲ್ಲ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಹೊಸದೇ ಅಗ್ಗವಾದಾಗ ಹಳೆಯದಕ್ಕೆ ಮೊದಲಿನ ಬೆಲೆ ಯಾರು ಕೊಡುತ್ತಾರೆ?

ಮಾರುವಾಗ ಎರಡು ಸಂಗತಿ ನೆನಪಿಡಿ. ಐದು ವರ್ಷ ಕ್ಲೇಮ್ ಮಾಡದಿದ್ದರೆ ನಿಮ್ಮ ಕಾರಿನ ಹಾನಿಯ ವಿಮೆಯಲ್ಲಿ ಸಿಗುವ ಶೇ. 50 ರಿಯಾಯಿತಿ ನಿಮ್ಮದು, ಕಾರಿನದ್ದಲ್ಲ. ಪತ್ರ ಪಡೆದು ಮುಂದಿನ ಕಾರಿಗೆ ಬಳಸಿ. ಇನ್ನೊಂದು, ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಬೆನ್ನು ಬಿಡಬೇಡಿ. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ.

ಇದನ್ನು ನಾನು ಕಲಿತದ್ದು ತಡವಾಗಿ. ಹಳೆಯ ಕಾರನ್ನು ಪರಿಚಿತರೊಬ್ಬರಿಗೆ ಕೊಟ್ಟು, ಫಾರಂಗಳಿಗೆ ಸಹಿ ಹಾಕಿ, ಕೈ ಕುಲುಕಿ ಬಂದಿದ್ದೆ. ವರ್ಷದ ಬಳಿಕ ಅತಿವೇಗದ ದಂಡದ ನೋಟಿಸು ಬಂತು, ನನ್ನ ಹೆಸರಿಗೆ. ಅವರು ಅದನ್ನು ಮಾರಿಯಾಗಿತ್ತು, ಅದೂ ಹೆಸರು ಬದಲಿಸದೆ. ದಂಡ ಕಟ್ಟಿದೆ. ಆರ್‌ಟಿಓ ಕಚೇರಿಗೆ ನಾಲ್ಕು ಸಲ ಅಲೆದು, ಮೂರನೆಯವನನ್ನು ಹುಡುಕಿ ಕರೆತಂದ ಮೇಲೆಯೇ ಆ ಕಾರು ನನ್ನ ಹೆಸರಿನಿಂದ ಹೋದದ್ದು.