ಗುಂಗುರು ಕೂದಲಿಗೆ ಬೇಕಾದದ್ದು ಇಸ್ತ್ರಿ ಅಲ್ಲ, ನೀರು

ಬೆಳಿಗ್ಗೆ ಆರು ಗಂಟೆ ದಾಟಿದೆ. ಮದ್ರಸಕ್ಕೆ ಹೊರಡುವ ಹೊತ್ತು. ಒಲೆಯ ಮೇಲೆ ಚಹಾ ಕುದಿಯುತ್ತಿದೆ. ಉಮ್ಮನ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದು ಕೈಯಲ್ಲಿ ಮಗಳ ಜಡೆ.

"ಸ್ವಲ್ಪ ಸುಮ್ಮನೆ ಕೂತ್ಕೊ."

"ಉಮ್ಮಾ, ನೋವಾಗ್ತದೆ!"

"ನಾನೇನು ಮಾಡ್ಲಿ? ನಿನ್ನ ಕೂದಲೇ ತೆಂಗಿನ ನಾರಿನ ಹಾಗೆ ಉಂಟಲ್ಲ!"

ಗುಂಗುರು ಕೂದಲಿನ ಮಕ್ಕಳಿರುವ ಮನೆಗಳಿಗೆ ಈ ಮಾತು ಹೊಸತಲ್ಲ. ಉಮ್ಮನಿಗೆ ಗಡಿಬಿಡಿ, ಬಾಯಿಗೆ ಬಂದದ್ದು ಹೇಳಿಬಿಡುತ್ತಾಳೆ. ಮಗು ಮಾತ್ರ ಅದನ್ನು ಮರೆಯುವುದಿಲ್ಲ. ತನ್ನ ಕೂದಲಲ್ಲಿ ಏನೋ ತಪ್ಪಿದೆ ಎಂದೇ ಅದು ಬೆಳೆಯುತ್ತದೆ. ಮುಂದೆ ನಿಕಾಹ್ ನಿಶ್ಚಯವಾದಾಗ ಬಟ್ಟೆ, ಚಿನ್ನದ ಮಾತು ಮುಗಿಯುವ ಮೊದಲೇ "ಪಾರ್ಲರಿಗೆ ಹೋಗಿ ಕೂದಲು ನೇರ ಮಾಡಿಸ್ಬೇಕು" ಎಂಬ ಮಾತು ಬರುತ್ತದೆ.

ನಿಜ ಹೇಳಬೇಕೆಂದರೆ ಗುಂಗುರು ಕೂದಲಿಗೆ ಯಾವ ರೋಗವೂ ಇಲ್ಲ. ಅದಕ್ಕೆ ಬಾಯಾರಿಕೆ ಮಾತ್ರ. ಅದನ್ನು ತಣಿಸುವುದು ಹೇಗೆಂದು ಗೊತ್ತಾದರೆ ಬೆಳಗಿನ ಅಳುವೂ ನಿಲ್ಲುತ್ತದೆ, ಪಾರ್ಲರಿನ ಖರ್ಚೂ ಉಳಿಯುತ್ತದೆ.

ಒಣಗುವುದು ಯಾಕೆ?

ನಮ್ಮ ನೆತ್ತಿಯ ಚರ್ಮದಲ್ಲೇ ಎಣ್ಣೆ ತಯಾರಾಗುತ್ತದೆ. ಕೂದಲು ನೇರ ಇದ್ದರೆ ಆ ಎಣ್ಣೆ ಬುಡದಿಂದ ತುದಿಯವರೆಗೆ ಸಲೀಸಾಗಿ ಇಳಿಯುತ್ತದೆ. ಗುಂಗುರು ಕೂದಲು ಘಾಟಿ ರಸ್ತೆಯ ಹಾಗೆ. ಪ್ರತಿ ತಿರುವಿನಲ್ಲೂ ಎಣ್ಣೆ ತಡೆಯುತ್ತದೆ, ತುದಿಗೆ ಮುಟ್ಟುವುದೇ ಇಲ್ಲ. ಹಾಗಾಗಿ ನೆತ್ತಿ ಜಿಡ್ಡಾಗಿದ್ದರೂ ತುದಿ ಒಣಹುಲ್ಲಿನ ಹಾಗೆ ಇರುತ್ತದೆ.

ಇನ್ನೊಂದು ಕಾರಣವೂ ಉಂಟು. ಕೂದಲಿನ ಹೊರಮೈಯಲ್ಲಿ ಮಾಡಿನ ಹಂಚಿನ ಹಾಗೆ ಸಣ್ಣ ಸಣ್ಣ ಪದರಗಳಿರುತ್ತವೆ. ಕೂದಲು ಬಾಗುವ ಜಾಗದಲ್ಲಿ ಈ ಪದರ ಬೇಗ ಸವೆದು ಏಳುತ್ತದೆ, ಒಳಗಿನ ತೇವ ಅಲ್ಲಿಂದ ಹೊರಗೆ ಹೋಗುತ್ತದೆ. ಒಣ ಬಾಚಣಿಗೆ, ಬೈರಾಸಿನಲ್ಲಿ ಗಸಗಸ ಒರೆಸುವುದು, ಬಿಸಿ ಗಾಳಿಯ ಮೆಷಿನ್, ಇಸ್ತ್ರಿ ಎಲ್ಲವೂ ಈ ಪದರವನ್ನು ಇನ್ನಷ್ಟು ಎಬ್ಬಿಸುತ್ತವೆ. ಮಳೆಗಾಲದಲ್ಲಿ ಕೂದಲು ಉಬ್ಬಿ ನಿಲ್ಲುವುದಕ್ಕೂ ಇದೇ ಕಾರಣ. ಒಣಗಿದ ಕೂದಲು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ.

ಎಣ್ಣೆ ಬೇಕು, ಎಣ್ಣೆ ಮಾತ್ರ ಸಾಲದು

ನಮ್ಮಲ್ಲಿ ಕೂದಲು ಒಣಗಿತೆಂದರೆ ಎಲ್ಲರೂ ಹೇಳುವುದು "ಎಣ್ಣೆ ಹಾಕು" ಎಂದು. ತಪ್ಪಲ್ಲ, ಅರ್ಧ ಸರಿ. ಎಣ್ಣೆಯಲ್ಲಿ ನೀರಿಲ್ಲ. ಒಣ ಕೂದಲಿಗೆ ಎಣ್ಣೆ ಸುರಿದರೆ ಮೇಲೆ ಹೊಳೆಯುತ್ತದೆ, ಒಳಗೆ ಒಣಗಿಯೇ ಇರುತ್ತದೆ. ತೇವ ಕೊಡುವುದು ನೀರು. ಆ ನೀರನ್ನು ಹಿಡಿದಿಡುವುದು ಎಣ್ಣೆ, ಕ್ರೀಮುಗಳ ಕೆಲಸ. ಮೊದಲು ನೀರು, ಆಮೇಲೆ ಎಣ್ಣೆ. ಈ ಒಂದು ಕ್ರಮ ನೆನಪಿದ್ದರೆ ಅರ್ಧ ಕೆಲಸ ಆದ ಹಾಗೆ.

ಹಾಗೆಂದು ಅಜ್ಜಿಯಂದಿರ ತೆಂಗಿನೆಣ್ಣೆಯನ್ನು ಬದಿಗಿಡುವುದು ಬೇಡ. ತಲೆಸ್ನಾನಕ್ಕೆ ಮೊದಲು ಹಚ್ಚಿದರೆ ಅದು ದೊಡ್ಡ ರಕ್ಷಣೆ. 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲನ್ನು ಹೋಲಿಸಿ ನೋಡಿದ್ದರು. ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿಯುತ್ತದೆ, ಉಳಿದ ಎರಡು ಹೊರಗೇ ನಿಲ್ಲುತ್ತವೆ.

ವಾರದ ಕ್ರಮ

ವಾರಕ್ಕೆ ಒಂದು ಅಥವಾ ಎರಡು ತಲೆಸ್ನಾನ ಸಾಕು. ಸ್ನಾನಕ್ಕೆ ಅರ್ಧ ಗಂಟೆ, ಒಂದು ಗಂಟೆ ಮೊದಲು ತೆಂಗಿನೆಣ್ಣೆಯನ್ನು ಮುಖ್ಯವಾಗಿ ತುದಿ ಭಾಗಕ್ಕೆ ಹಚ್ಚಿ. ಶಾಂಪೂ ನೆತ್ತಿಗೆ ಮಾತ್ರ ಸಾಕು. ನೊರೆ ಇಳಿದು ಹೋಗುವಾಗ ಉದ್ದದ ಕೂದಲು ತನ್ನಿಂತಾನೇ ಶುಚಿಯಾಗುತ್ತದೆ. ಸಲ್ಫೇಟ್ ಇಲ್ಲದ ಮೃದು ಶಾಂಪೂ ಸಿಕ್ಕಿದರೆ ಒಳ್ಳೆಯದು. ತಲೆಗೆ ಬಟ್ಟೆ ಸೋಪು ಬೇಡವೇ ಬೇಡ. ಸೀಗೆಕಾಯಿಯೂ ಒಣ ಕೂದಲನ್ನು ಇನ್ನಷ್ಟು ಒರಟು ಮಾಡಬಹುದು.

ಆಮೇಲೆ ಕಂಡೀಶನರ್. ಇದನ್ನು ಅನಗತ್ಯ ಖರ್ಚು ಎನ್ನುವವರಿದ್ದಾರೆ. ಗುಂಗುರು ಕೂದಲಿಗೆ ಶಾಂಪೂಗಿಂತ ಇದೇ ಮುಖ್ಯ. ಒದ್ದೆ ಕೂದಲಿಗೆ ಧಾರಾಳವಾಗಿ ಹಚ್ಚಿ, ಜಾರುವ ಹಾಗೆ ಆದಾಗ ಬೆರಳಿನಿಂದ ಸಿಕ್ಕು ಬಿಡಿಸಿ. ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬನ್ನಿ. ವಾರದಲ್ಲಿ ಬಾಚಣಿಗೆಯ ಮುಖ್ಯ ಕೆಲಸ ಇಷ್ಟೇ. ಒಣಗಿದ ಗುಂಗುರು ಕೂದಲನ್ನು ದಿನಾ ಬಾಚುವುದೆಂದರೆ ದಿನಾ ತುಂಡು ಮಾಡಿದ ಹಾಗೆ.

ಕಂಡೀಶನರ್ ತೊಳೆದ ಮೇಲೆ ನೀರು ತೊಟ್ಟಿಕ್ಕುತ್ತಿರುವಾಗಲೇ ಅಡಿಕೆ ಗಾತ್ರದಷ್ಟು ಲೀವ್-ಇನ್ ಕ್ರೀಮನ್ನು ಉದ್ದಕ್ಕೂ ಸವರಿ. ಅದರ ಮೇಲೆ ನಾಲ್ಕೈದು ಹನಿ ತೆಂಗಿನೆಣ್ಣೆ. ಕೂದಲನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ ಮೆಲ್ಲನೆ ಹಿಸುಕಿದರೆ ಸುರುಳಿ ಚೆಂದ ಕೂರುತ್ತದೆ. ಒರೆಸಲು ಹಳೆಯ ಹತ್ತಿ ಬನಿಯನ್ನೇ ಒಳ್ಳೆಯದು. ಅದನ್ನು ತಿಕ್ಕದೆ, ಒತ್ತಿ ನೀರು ತೆಗೆಯಿರಿ.

ಪೇಟೆಯ ಕ್ರೀಮು ಬೇಡವೆನ್ನುವವರಿಗೆ ಹಿತ್ತಿಲೇ ಸಾಕು. ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ಸೋಸಿದ ಲೋಳೆ ಸಿಕ್ಕು ಬಿಡಿಸಲು ತುಂಬಾ ಸುಲಭ. ಅಗಸೆ ಬೀಜವೂ ಆಗುತ್ತದೆ. ಎರಡು ದೊಡ್ಡ ಚಮಚ ಬೀಜವನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಮೊಟ್ಟೆಯ ಬಿಳಿ ಭಾಗದ ಹಾಗೆ ಲೋಳೆಯಾದಾಗ ಬಿಸಿ ಇರುವಾಗಲೇ ಸೋಸಿ. ಆರಿದ ಮೇಲೆ ಒದ್ದೆ ಕೂದಲಿಗೆ ಹಚ್ಚಿ. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು.

ಶಾಲಿನ ಒಳಗೆ

ನಮ್ಮ ಹೆಣ್ಮಕ್ಕಳ ಕೂದಲು ದಿನದ ಹೆಚ್ಚು ಹೊತ್ತು ಶಾಲು, ಸ್ಕಾರ್ಫಿನ ಒಳಗೆ ಇರುತ್ತದೆ. ಬಿಸಿಲು, ಧೂಳಿನಿಂದ ಅದು ಕೂದಲನ್ನು ಕಾಪಾಡುತ್ತದೆ. ಆದರೆ ಮೂರು ವಿಷಯ ಗಮನಿಸಬೇಕು.

ಒಂದು, ಒದ್ದೆ ತಲೆಗೆ ಸ್ಕಾರ್ಫ್ ಕಟ್ಟಬಾರದು. ನೆತ್ತಿ ಬೆವರಿ ತುರಿಕೆ, ತಲೆಹೊಟ್ಟು, ವಾಸನೆ ಶುರುವಾಗುತ್ತದೆ. ಬೆಳಿಗ್ಗೆ ಕಾಲೇಜಿಗೆ ಹೋಗುವವರು ಸಂಜೆಯೇ ತಲೆಸ್ನಾನ ಮುಗಿಸಿಕೊಳ್ಳುವುದು ಲೇಸು. ಎರಡು, ಹತ್ತಿ ಬಟ್ಟೆ ಕೂದಲಿನ ತೇವ ಹೀರುತ್ತದೆ, ತಿಕ್ಕಾಟವೂ ಹೆಚ್ಚು. ಸ್ಕಾರ್ಫಿನ ಒಳಗೆ ಸ್ಯಾಟಿನ್ ಟೊಪ್ಪಿ ಹಾಕಿಕೊಂಡರೆ, ದಿಂಬಿಗೂ ಸ್ಯಾಟಿನ್ ಕವರ್ ಇದ್ದರೆ ಬಹಳ ವ್ಯತ್ಯಾಸ ಕಾಣುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸ್ಯಾಟಿನ್ ಹೆಚ್ಚಾಗಿ ಪಾಲಿಯೆಸ್ಟರ್, ರೇಷ್ಮೆಯಲ್ಲ. ಹಾಗಾಗಿ ಗಂಡಸರ ದಿಂಬಿಗೂ ಹಾಕಬಹುದು. ಗುಂಗುರು ಕೂದಲು ಹುಡುಗರಿಗೂ ಇರುತ್ತದಲ್ಲ! ಮೂರು, ಬಿಗಿಯಾದ ಗಂಟು. ಸ್ಕಾರ್ಫ್ ಜಾರಬಾರದೆಂದು ದಿನಾ ಒಂದೇ ಜಾಗದಲ್ಲಿ ಎಳೆದು ಕಟ್ಟಿದರೆ ಹಣೆಯ ಅಂಚಿನ, ಕೆನ್ನೆಪಕ್ಕದ ಕೂದಲು ಉದುರಿ ಹಣೆ ಅಗಲವಾಗುತ್ತದೆ. ವರ್ಷಗಟ್ಟಲೆ ಎಳೆದರೆ ಅಲ್ಲಿ ಮತ್ತೆ ಬೆಳೆಯದೇ ಹೋಗಬಹುದು. ಗಂಟು ಸಡಿಲ ಇರಲಿ, ಜಾಗ ಬದಲಾಗುತ್ತಿರಲಿ.

ವುಝೂ, ಗುಸ್ಲ್ ಮತ್ತು ಉಮ್ರಾ

"ದಿನಕ್ಕೆ ಐದು ಸಲ ವುಝೂ ಮಾಡಿ ಕೂದಲು ಹಾಳಾಗ್ತದೆ" ಎಂಬ ದೂರು ಕೆಲವರದ್ದು. ವುಝೂವಿನಲ್ಲಿ ಇರುವುದು ಒದ್ದೆ ಕೈಯಲ್ಲಿ ತಲೆ ಸವರುವುದು, ತೊಳೆಯುವುದಲ್ಲ. ನಾವು ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ತಲೆಯ ಸ್ವಲ್ಪ ಭಾಗ ಸವರಿದರೂ ಕಡ್ಡಾಯ ನೆರವೇರುತ್ತದೆ, ಪೂರ್ತಿ ಸವರುವುದು ಸುನ್ನತ್. ನೋಡಲು ಹೋದರೆ ಗುಂಗುರು ಕೂದಲಿಗೆ ಅದು ಲಾಭವೇ. ಸವರಿದ ಮೇಲೆ ಮುಂಗೂದಲಿಗೆ ಚಿಟಿಕೆ ಕ್ರೀಮು ಮುಟ್ಟಿಸಿದರೆ ಆ ತೇವ ಅಲ್ಲೇ ಉಳಿಯುತ್ತದೆ.

ಗುಸ್ಲ್‌ಗೆ ಕೂದಲಿನ ಬುಡಕ್ಕೂ ಎಳೆಗಳ ನಡುವೆಗೂ ನೀರು ತಲುಪಬೇಕು. ನೀರು ಒಳಗೆ ಹೋಗದಷ್ಟು ಬಿಗಿಯಾದ ಜಡೆ ಇದ್ದರೆ ಬಿಚ್ಚಬೇಕು, ನೀರು ತಡೆಯುವ ದಪ್ಪ ಮೇಣದಂಥ ವಸ್ತು ಇದ್ದರೆ ತೆಗೆಯಬೇಕು. ಆದರೆ ಪ್ರತಿ ಗುಸ್ಲ್‌ಗೂ ಶಾಂಪೂ ಬೇಕೆಂದು ಎಲ್ಲಿಯೂ ಇಲ್ಲ. ಹಲವರು ಇಲ್ಲೇ ಎಡವುವುದು. ಶುದ್ಧಿಗೆ ನೀರು ಸಾಕು. ಶಾಂಪೂ ವಾರದ ಲೆಕ್ಕಕ್ಕೆ ಇರಲಿ.

ಉಮ್ರಾ, ಹಜ್ಜಿಗೆ ಹೊರಟವರು ಇನ್ನೊಂದನ್ನು ನೆನಪಿಟ್ಟುಕೊಳ್ಳಬೇಕು. ಇಹ್ರಾಮಿನಲ್ಲಿ ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಕೂದಲು ಕಿತ್ತು ಬರುವ ಹಾಗೆ ಬಾಚುವಂತಿಲ್ಲ. ಮಕ್ಕಾದ ಹವೆಯೂ ಒಣ. ಹಾಗಾಗಿ ಇಹ್ರಾಮಿಗೆ ಮೊದಲೇ ಚೆನ್ನಾಗಿ ಕಂಡೀಶನ್ ಮಾಡಿ, ಸಿಕ್ಕು ಬಿಡಿಸಿ, ಸಡಿಲ ಜಡೆ ಹಾಕಿಕೊಂಡು ಹೋದರೆ ಸುಲಭ. ಮಸ್‌ಅಲದಲ್ಲಿ ಸಂಶಯವಿದ್ದರೆ ನಿಮ್ಮ ಜಮಾಅತಿನ ಉಸ್ತಾದರನ್ನು ಕೇಳಿಕೊಳ್ಳಿ.

ನೀರು ಮತ್ತು ಹವೆ

ಗಲ್ಫಿನಲ್ಲಿರುವ ನಮ್ಮವರು "ಊರಿಗೆ ಬಂದ್ರೆ ಕೂದಲು ಸರಿಯಾಗ್ತದೆ" ಎನ್ನುವುದುಂಟು. ಹಗಲೂ ರಾತ್ರಿ ಎಸಿ ಕೋಣೆಯಲ್ಲಿದ್ದರೆ ಅಲ್ಲಿನ ಒಣ ಗಾಳಿ ಕೂದಲಿನ ತೇವ ಎಳೆಯುತ್ತದೆ. ಅಂಥವರು ಸ್ಪ್ರೇ ಬಾಟಲಿಯಲ್ಲಿ ನೀರು ಮತ್ತು ಸ್ವಲ್ಪ ಕಂಡೀಶನರ್ ಬೆರೆಸಿಟ್ಟುಕೊಂಡು ಎರಡು ದಿನಕ್ಕೊಮ್ಮೆ ಚಿಮುಕಿಸಬಹುದು. ಊರಲ್ಲಿಯೂ ನದಿ, ಕಡಲಿನ ಹತ್ತಿರದ ಕೆಲವು ಬಾವಿಗಳ ನೀರು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರ ಸುಣ್ಣದಂಶ ಕೂದಲಿಗೆ ಅಂಟಿಕೊಳ್ಳುತ್ತದೆ. ಕೊನೆಯ ಒಂದೆರಡು ಚೆಂಬಾದರೂ ಒಳ್ಳೆಯ ನೀರು ಹೊಯ್ದರೆ ವ್ಯತ್ಯಾಸ ಗೊತ್ತಾಗುತ್ತದೆ.

ನೇರ ಮಾಡಿಸುವ ಮೊದಲು

ಈಗ ಮದುವೆ ಮನೆಯ ವಿಷಯಕ್ಕೆ ಬರೋಣ. ಸ್ಟ್ರೈಟ್ನಿಂಗ್, ಸ್ಮೂತ್ನಿಂಗ್, ಕೆರಾಟಿನ್ ಎಂದು ಹೆಸರು ಹಲವು. ಕೆಲವು ಕೆರಾಟಿನ್ ಕ್ರೀಮುಗಳನ್ನು ಬಿಸಿ ಇಸ್ತ್ರಿಯಿಂದ ಒತ್ತಿದಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕಣ್ಣುರಿ, ಗಂಟಲು ಕೆರೆತ ಬರುವುದು ಇದರಿಂದಲೇ. ಕೂತವಳಿಗೂ, ದಿನಾ ಅದೇ ಕೆಲಸ ಮಾಡುವ ಪಾರ್ಲರಿನ ಹುಡುಗಿಗೂ ಅಪಾಯ.

'ಫಾರ್ಮಾಲಿನ್ ಇಲ್ಲ' ಎಂದು ಬರೆದ ಮಾತ್ರಕ್ಕೆ ನಿಶ್ಚಿಂತೆ ಬೇಡ. 2024ರಲ್ಲಿ ಒಂದು ಪ್ರಮುಖ ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಫ್ರಾನ್ಸಿನ ವೈದ್ಯರು 26ರ ಹರೆಯದ ಮಹಿಳೆಯೊಬ್ಬರ ಪ್ರಕರಣ ವರದಿ ಮಾಡಿದರು. ಗ್ಲಯಾಕ್ಸಿಲಿಕ್ ಆಮ್ಲವಿದ್ದ ಕ್ರೀಮಿನಿಂದ ಕೂದಲು ನೇರ ಮಾಡಿಸಿದ ಮೂರು ಸಲವೂ ಆಕೆಯ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಸ್ಟ್ರೈಟ್ನರ್ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗೂ ಹೆಚ್ಚು ಕಂಡುಬಂತು. ಒಮ್ಮೆ ಮಾಡಿಸಿದವರೆಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಕ್ರೀಮಿನ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಕೇಳುವ ಹಕ್ಕು ಮದುಮಗಳಿಗಿದೆ. ಗರ್ಭಿಣಿಯರು, ಹಾಲುಣಿಸುವವರು ಇದರ ಹತ್ತಿರ ಹೋಗದಿರುವುದೇ ಒಳ್ಳೆಯದು.

ಇಷ್ಟೆಲ್ಲ ಮಾಡಿಯೂ ನೇರವಾಗುವುದು ಈಗ ಇರುವ ಕೂದಲು ಮಾತ್ರ. ಬುಡದಿಂದ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಹೊಸ ಕೂದಲು ಬರುತ್ತದೆ, ಅದು ಗುಂಗುರಾಗಿಯೇ ಬರುತ್ತದೆ. ಆರು ತಿಂಗಳಲ್ಲಿ ಮೇಲೆ ಗುಂಗುರು, ಕೆಳಗೆ ಸುಟ್ಟ ನೇರ ಕೂದಲು. ಮತ್ತೆ ಪಾರ್ಲರ್. ಅದರ ಬದಲು ನಿಕಾಹ್‌ಗೆ ಮೂರು ತಿಂಗಳು ಇರುವಾಗಲೇ ಮೇಲೆ ಹೇಳಿದ ಕ್ರಮ ಶುರು ಮಾಡಿ ನೋಡಿ. ಕೂದಲು ಅದರ ಪಾಡಿಗೆ ಹೊಳೆಯುತ್ತದೆ.

ಒಂದು ಎಚ್ಚರಿಕೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದಕ್ಕಿಂತ ತುಂಬಾ ಹೆಚ್ಚು ಉದುರುತ್ತಿದ್ದರೆ, ಜೊತೆಗೆ ಸುಸ್ತು, ಮುಟ್ಟಿನಲ್ಲಿ ಏರುಪೇರು ಇದ್ದರೆ ಎಣ್ಣೆ ಬದಲಾಯಿಸುತ್ತಾ ಕೂರಬೇಡಿ. ರಕ್ತಹೀನತೆ ಅಥವಾ ಥೈರಾಯ್ಡ್ ಇರಬಹುದು. ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ.

ಕೊನೆಗೆ ಮತ್ತೆ ಆ ಬೆಳಗಿನ ಮಗುವಿನ ಮಾತು. ಕೂದಲನ್ನು ಗೌರವದಿಂದ ನೋಡಿಕೊಳ್ಳಬೇಕೆಂಬ ಪ್ರವಾದಿ (ಸ) ಅವರ ಬೋಧನೆ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಬಂದಿದೆ. ಆ ಗೌರವ ನೇರ ಕೂದಲಿಗೆ ಮಾತ್ರ ಎಂದು ಯಾರೂ ಹೇಳಿಲ್ಲ. ಪ್ರವಾದಿಯವರ ಕೂದಲೇ ಪೂರ್ತಿ ನೇರವಾಗಿರಲಿಲ್ಲ, ತೀರಾ ಗುಂಗುರೂ ಆಗಿರಲಿಲ್ಲ ಎಂದು ಅನಸ್ (ರ) ವಿವರಿಸಿದ್ದಾರೆ.

ಮದ್ರಸದ ಗಡಿಬಿಡಿಯಲ್ಲಿ ಒಣ ಜಡೆ ಎಳೆಯುವುದನ್ನು ಬಿಟ್ಟು ಶುಕ್ರವಾರ ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಕೂದಲು ಒದ್ದೆ ಮಾಡಿ, ಕಂಡೀಶನರ್ ಹಚ್ಚಿ, ತುದಿಯಿಂದ ಮೆಲ್ಲಗೆ ಸಿಕ್ಕು ಬಿಡಿಸಿ. ಬಿಡಿಸುತ್ತಾ "ನಿನ್ನ ಕೂದಲು ಎಷ್ಟು ಚೆಂದ ಉಂಟು" ಎಂದು ಒಮ್ಮೆ ಹೇಳಿ. ಮಗು ಅದನ್ನೂ ಮರೆಯುವುದಿಲ್ಲ.