80ನೇ ನಿಮಿಷಕ್ಕೆ ಎದ್ದು ಹೊರಡುವವರು

2015ರ ನವೆಂಬರ್‌ನಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ತಂಡ ತನ್ನದೇ ಆನ್‌ಫೀಲ್ಡ್ ಮೈದಾನದಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎದುರು ಸೋತಿತು. 82ನೇ ನಿಮಿಷದಲ್ಲಿ ಎದುರಾಳಿ ಎರಡನೇ ಗೋಲು ಹೊಡೆದದ್ದೇ ತಡ, ಜನ ಎದ್ದು ಬಾಗಿಲ ಕಡೆ ನಡೆದರು. ಹಿಂದಿನ ತಿಂಗಳಷ್ಟೇ ತರಬೇತುದಾರರಾಗಿ ಬಂದಿದ್ದ ಜರ್ಮನಿಯ ಯೂರ್ಗನ್ ಕ್ಲೋಪ್, ಆ ಹೊತ್ತಿನಲ್ಲಿ ತಮಗೆ ಒಂಟಿ ಎನಿಸಿತೆಂದು ಪಂದ್ಯದ ನಂತರ ಹೇಳಿದರು. ಮೂರು ತಿಂಗಳು ಕಳೆದ ಮೇಲೆ ಅದೇ ಆನ್‌ಫೀಲ್ಡ್‌ನಲ್ಲಿ ಸಂಡರ್ಲೆಂಡ್ ವಿರುದ್ಧದ ಪಂದ್ಯ. ಲಿವರ್‌ಪೂಲ್ ಎರಡು ಗೋಲು ಮುಂದಿದ್ದಾಗ, ಸರಿಯಾಗಿ 77ನೇ ನಿಮಿಷಕ್ಕೆ, ಸುಮಾರು 10 ಸಾವಿರ ಜನ ಒಟ್ಟಿಗೆ ಹೊರನಡೆದರು. ಹೊಸ ಸ್ಟ್ಯಾಂಡ್‌ನ ದುಬಾರಿ ಟಿಕೆಟ್‌ಗೆ 77 ಪೌಂಡ್ ಇಟ್ಟದ್ದಕ್ಕೆ ಅದು ಪ್ರತಿಭಟನೆ. ಅವರು ಹೋದ ಮೇಲೆ ಸಂಡರ್ಲೆಂಡ್ ಎರಡು ಗೋಲು ಹೊಡೆದು ಪಂದ್ಯ ಸಮ ಮಾಡಿಕೊಂಡಿತು. ಕೆಲವೇ ದಿನಗಳಲ್ಲಿ ಮಾಲೀಕರು ಆ ದರವನ್ನು ಕೈಬಿಟ್ಟರು. ಮೊದಲನೆಯದನ್ನು ನಿಷ್ಠೆಯ ಕೊರತೆ ಎಂದು ಬೈದು, ಎರಡನೆಯದನ್ನು ಹೋರಾಟ ಎಂದು ಹೊಗಳುವುದು ರೂಢಿ. ಎರಡಕ್ಕೂ ಬೇರು ಒಂದೇ ಎಂಬುದು ನನ್ನ ವಾದ. ಪಂದ್ಯದ ಪಾಲುದಾರನಾಗಿದ್ದ ಪ್ರೇಕ್ಷಕನನ್ನು ಇಂಗ್ಲೆಂಡಿನ ಕ್ಲಬ್‌ಗಳು ಮೂರು ದಶಕಗಳಲ್ಲಿ ಗಿರಾಕಿಯನ್ನಾಗಿ ಮಾಡಿದವು. ಕೊಂಡ ಸರಕು ಹಿಡಿಸದಿದ್ದರೆ ಗಿರಾಕಿ ಎದ್ದು ಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಬೇಗ ಹೊರಡುವುದು ಹೊಸ ಚಾಳಿಯಲ್ಲ ಎಂಬ ಆಕ್ಷೇಪ ಕೂಡಲೇ ಬರುತ್ತದೆ. ನಿಜ, ಹೊಸದಲ್ಲ. 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ಗೆದ್ದೇಬಿಟ್ಟಿತೆಂದು ಕಪ್ ಕೊಡಲು ಲಿಫ್ಟ್ ಹತ್ತಿದ ಯೂರೋಪಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಲೆನಾರ್ಟ್ ಯೋಹಾನ್ಸನ್ ಹೊರಬರುವಷ್ಟರಲ್ಲಿ ಗೆದ್ದವರು ಮ್ಯಾಂಚೆಸ್ಟರ್ ಯುನೈಟೆಡ್ ಆಗಿದ್ದರು! ಅಧ್ಯಕ್ಷರೇ ಹೀಗಾದರೆ ಕೊನೆಯ ರೈಲು ಹಿಡಿಯಬೇಕಾದವನನ್ನು ಏನನ್ನುವುದು? ಆದರೆ ಹಳೆಯ ಕಾಲದ ನಿರ್ಗಮನಕ್ಕೂ ಇಂದಿನದಕ್ಕೂ ಒಂದು ವ್ಯತ್ಯಾಸವಿದೆ. ಹಿಂದೆ ಇಂಗ್ಲೆಂಡಿನ ಹಲವು ಮೈದಾನಗಳಲ್ಲಿ ಪಂದ್ಯ ಮುಗಿಯಲು ಸ್ವಲ್ಪ ಹೊತ್ತು ಇರುವಾಗಲೇ ಗೇಟು ತೆರೆಯುತ್ತಿದ್ದರು. ಅವಸರದವರು ಹೊರಟರೆ, ಟಿಕೆಟ್‌ಗೆ ಕಾಸಿಲ್ಲದೆ ಹೊರಗೆ ಕಾದಿದ್ದ ಹುಡುಗರು ಪುಕ್ಕಟೆಯಾಗಿ ಒಳಗೆ ನುಗ್ಗುತ್ತಿದ್ದರು. ಒಬ್ಬ ಬಿಟ್ಟ ಜಾಗವನ್ನು ಮುಂದಿನ ತಲೆಮಾರು ತುಂಬುತ್ತಿತ್ತು. ಇಂದು ಎದ್ದು ಹೋದವನ ಕುರ್ಚಿ ಖಾಲಿಯೇ ಉಳಿಯುತ್ತದೆ, ಟಿವಿ ಕ್ಯಾಮೆರಾ ಅದನ್ನೇ ತೋರಿಸುತ್ತದೆ.

ಜನ ಬೇಗ ಹೊರಡುವುದಷ್ಟೇ ಅಲ್ಲ, ಕೂತವರ ಸದ್ದೂ ಅಡಗಿದೆ. ಸ್ಟೇಡಿಯಂನ ಸದ್ದು ಒಬ್ಬೊಬ್ಬರ ಉತ್ಸಾಹವನ್ನು ಕೂಡಿಸಿದರೆ ಸಿಗುವ ಮೊತ್ತವಲ್ಲ. ಭಜನೆಯಲ್ಲಿ ಒಬ್ಬ ಎತ್ತಿದ ಸೊಲ್ಲನ್ನು ಪಕ್ಕದವರು ಹಿಡಿದುಕೊಳ್ಳುವಂತೆ, ಅಲ್ಲಿಯೂ ಪರಿಚಿತರ ಗುಂಪು ಒತ್ತಾಗಿ ನಿಂತಿರಬೇಕು. ಗೋಲ್‌ಪೋಸ್ಟ್ ಹಿಂದಿನ ನಿಲ್ಲುವ ಮೆಟ್ಟಿಲುಗಳಲ್ಲಿ ಇದು ತಾನಾಗಿ ಆಗುತ್ತಿತ್ತು: ಬೀದಿಯ ಗೆಳೆಯರು, ಕಾರ್ಖಾನೆಯ ಜೊತೆಗಾರರು ಒಂದೇ ಮೂಲೆಗೆ ಸೇರುತ್ತಿದ್ದರು. ಕುರ್ಚಿಗೆ ನಂಬರು ಬಂದ ಮೇಲೆ ಗುಂಪು ಚದುರಿತು. ದರ ಏರಿದಂತೆ ಹದಿನೆಂಟು ಇಪ್ಪತ್ತರ ಹುಡುಗರು ಉದುರಿದರು, ಸೀಸನ್ ಟಿಕೆಟ್ ಹಿಡಿದವರಿಗೆ ವಯಸ್ಸಾಯಿತು. ಇತ್ತ ಟಿವಿಗಾಗಿ ಶನಿವಾರ ಮಧ್ಯಾಹ್ನ ಮೂರರ ಪಂದ್ಯ ಸೋಮವಾರ ರಾತ್ರಿ ಎಂಟಕ್ಕೂ ಸರಿಯಿತು. 2023ರಿಂದ ಹೆಚ್ಚುವರಿ ಸಮಯವನ್ನು ಉದಾರವಾಗಿ ಕೊಡತೊಡಗಿದ ಮೇಲಂತೂ ಕೆಲವೊಮ್ಮೆ ರಾತ್ರಿ ಹತ್ತಾದರೂ ಆಟ ಮುಗಿದಿರುವುದಿಲ್ಲ. ವಿಡಿಯೊ ರೆಫರಿ ಬಂದ ಮೇಲೆ ಗೋಲಾದರೂ ಕೇಕೆ ಹಾಕಲು ಅನುಮತಿಗೆ ಕಾಯಬೇಕು.

ಇಲ್ಲಿ ಗಂಭೀರ ಆಕ್ಷೇಪವೊಂದಿದೆ. ಕುರ್ಚಿಗಳು ಶೋಕಿಗಾಗಿ ಬಂದವಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನಡೆದ ನೂಕುನುಗ್ಗಲಿಗೆ ಬಲಿಯಾದವರ ಸಂಖ್ಯೆ 97. ಅದರ ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರಲ್ಲಿ ದೊಡ್ಡ ಮೈದಾನಗಳೆಲ್ಲ ಕುರ್ಚಿಮಯವಾಗಬೇಕೆಂದು ಶಿಫಾರಸು ಮಾಡಿದರು. ಆಮೇಲೆ ಮೈದಾನಗಳು ಸುರಕ್ಷಿತವಾದವು. ಹಳೆಯ ಮೆಟ್ಟಿಲುಗಳ ಹೊಡೆದಾಟ, ಜನಾಂಗೀಯ ಬೈಗುಳಗಳ ಬಗ್ಗೆ ಹಂಬಲಿಸುವಂಥದ್ದು ಏನೂ ಇಲ್ಲ. ಆದರೆ ಕುರ್ಚಿ ಹಾಕಿದ ಮಾತ್ರಕ್ಕೆ ದರ ವಿಪರೀತ ಏರಬೇಕಿಲ್ಲವೆಂದು ಅದೇ ವರದಿ ಹೇಳಿತ್ತು. ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ ಕುರ್ಚಿಗೆ 6 ಪೌಂಡ್, ನಿಲ್ಲಲು 4 ಪೌಂಡ್ ಎಂದು ಉದಾಹರಣೆಯನ್ನೂ ಕೊಟ್ಟಿತ್ತು. ಕ್ಲಬ್‌ಗಳು ಕುರ್ಚಿಯ ಮಾತನ್ನು ಪಾಲಿಸಿದವು, ದರದ ಮಾತನ್ನು ಮರೆತವು. ಸುರಕ್ಷತೆ ಬೇಕಾದರೆ ನಿಶ್ಶಬ್ದ ಅನಿವಾರ್ಯ ಎಂಬ ಮಾತಿಗೆ ಡಾರ್ಟ್‌ಮುಂಡ್‌ನ ದಕ್ಷಿಣದ ಸ್ಟ್ಯಾಂಡೇ ಉತ್ತರ: ಜರ್ಮನಿಯ ಲೀಗ್ ಪಂದ್ಯಗಳಲ್ಲಿ ಅಲ್ಲಿ 24 ಸಾವಿರಕ್ಕೂ ಹೆಚ್ಚು ಜನ ನಿಂತೇ ನೋಡುತ್ತಾರೆ.

ಸ್ಟೇಡಿಯಂನ ವಿನ್ಯಾಸವನ್ನು ದೂರುವವರೂ ಇದ್ದಾರೆ. ವೆಸ್ಟ್ ಹ್ಯಾಮ್ 2016ರಲ್ಲಿ ತನ್ನ ಹಳೆಯ ಇಕ್ಕಟ್ಟಿನ ಮೈದಾನ ಬಿಟ್ಟು ಒಲಿಂಪಿಕ್ಸ್‌ಗಾಗಿ ಕಟ್ಟಿದ ಲಂಡನ್ ಸ್ಟೇಡಿಯಂಗೆ ಹೋದಾಗ ಜನ ಆಟದಿಂದ ದೂರವಾದರು, ದನಿಯೂ ತೆಳುವಾಯಿತು. ದೂರ ಮುಖ್ಯವೇ. ಆದರೆ ಅದೊಂದೇ ಅಲ್ಲ. ಬೆಂಗಳೂರಿನ ಕಂಠೀರವದಲ್ಲೂ ಅಂಕಣದ ಸುತ್ತ ಓಟದ ಟ್ರ್ಯಾಕ್ ಇದೆ, ಆದರೂ ಬೆಂಗಳೂರು ಎಫ್‌ಸಿಯ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳು ಒಂದೇ ಕಡೆ ಸೇರಿ ಡೋಲು ಬಡಿದು ಹಾಡುತ್ತಾರೆ.

ಸ್ಟೇಡಿಯಂಗಳು ಹೇಗೂ ತುಂಬಿವೆ, ಹಣವೂ ಬರುತ್ತಿದೆ, ಸದ್ದಿಲ್ಲದಿದ್ದರೇನು ನಷ್ಟ ಎಂದು ಲೆಕ್ಕದವರು ಕೇಳಬಹುದು. ಕೋವಿಡ್ ಕಾಲ ಅದಕ್ಕೆ ಉತ್ತರ ಕೊಟ್ಟಿತು. ಬಹುಪಾಲು ಪಂದ್ಯಗಳು ಖಾಲಿ ಸ್ಟ್ಯಾಂಡ್‌ಗಳ ನಡುವೆ ನಡೆದ 2020–21ರ ಪ್ರೀಮಿಯರ್ ಲೀಗ್‌ನಲ್ಲಿ ತವರಿನ ತಂಡಗಳಿಗಿಂತ ಹೊರಗಿನಿಂದ ಬಂದ ತಂಡಗಳೇ ಹೆಚ್ಚು ಗೆದ್ದವು. ಇಂಗ್ಲೆಂಡಿನ ಅಗ್ರ ಲೀಗ್‌ನ ಇತಿಹಾಸದಲ್ಲಿ ಇದು ಮೊದಲ ಸಲ. ಟಿವಿಯವರು ಮೂಕ ಪಂದ್ಯ ಯಾರಿಗೂ ರುಚಿಸದೆಂದು ವಿಡಿಯೊ ಗೇಮ್‌ಗಾಗಿ ಧ್ವನಿಮುದ್ರಿಸಿದ್ದ ಪ್ರೇಕ್ಷಕರ ಆರ್ಭಟವನ್ನು ಎರವಲು ತಂದು ಬಿತ್ತರಿಸಿದರು. ಬೆಂಗಳೂರಿನ ಮನೆಯಲ್ಲಿ ರಾತ್ರಿ ಕೂತು ನೋಡುವವನಿಗೆ ಮಾರುವ ಸರಕಿನಲ್ಲಿ ಆ ಸದ್ದೂ ಒಂದು ಭಾಗ. ಅದನ್ನು ಮಾಡಿಕೊಡುವವನು ಮಾತ್ರ ಸಂಬಳ ಪಡೆಯುವ ಬದಲು ತಾನೇ ಹಣ ಕೊಡುತ್ತಾನೆ.

ಕ್ಲಬ್‌ಗಳಿಗೆ ಇದು ಗೊತ್ತಿಲ್ಲದಿಲ್ಲ. ಟಾಟನ್‌ಹ್ಯಾಮ್ 2019ರಲ್ಲಿ ತೆರೆದ ಹೊಸ ಸ್ಟೇಡಿಯಂನಲ್ಲಿ 17,500 ಜನರ ಒಂದೇ ಇಳಿಜಾರಿನ ಸ್ಟ್ಯಾಂಡ್ ಕಟ್ಟಿತು. 2022ರಿಂದ ಕಂಬಿ ಹಾಕಿದ ಜಾಗಗಳಲ್ಲಿ ನಿಂತು ನೋಡಲು ಇಂಗ್ಲೆಂಡಿನಲ್ಲಿ ಮತ್ತೆ ಅವಕಾಶ ಸಿಕ್ಕಿದೆ. ಎದುರಾಳಿ ತಂಡದ ಬೆಂಬಲಿಗರ ಟಿಕೆಟ್ 30 ಪೌಂಡ್ ಮೀರಕೂಡದೆಂಬ ಮಿತಿ 2016ರಿಂದ ಇದೆ. ಮೈದಾನದಲ್ಲಿ ಎಲ್ಲರಿಗಿಂತ ಜೋರಾಗಿ ಹಾಡಿ ಕೊನೆಯ ಸೀಟಿಯವರೆಗೂ ನಿಲ್ಲುವವರು ಹೆಚ್ಚಾಗಿ ಅವರೇ. ಇದೇ ಮಿತಿಯನ್ನು ತವರಿನ ಹುಡುಗರಿಗೆ ಗೋಲ್‌ಪೋಸ್ಟ್ ಹಿಂದಿನ ಒಂದು ಸ್ಟ್ಯಾಂಡ್‌ನಲ್ಲಾದರೂ ಅನ್ವಯಿಸಿದರೆ ಕ್ಲಬ್‌ಗಳ ಖಜಾನೆ ಬರಿದಾಗದು, ಅವರ ಮುಖ್ಯ ಆದಾಯ ಟಿವಿ ಮತ್ತು ಪ್ರಾಯೋಜಕರಿಂದ ಬರುತ್ತದೆ. ಆದರೆ 2024ರ ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಮಾಡಿದ್ದು ಬೇರೆ: ಸದಸ್ಯರಿಗೆ ಮಾರಲು ಉಳಿದಿದ್ದ ಲೀಗ್ ಟಿಕೆಟ್‌ಗಳಿಗೆ ಮಕ್ಕಳು, ಮುದುಕರು ಎನ್ನದೆ ಎಲ್ಲರಿಗೂ 66 ಪೌಂಡ್ ನಿಗದಿ ಮಾಡಿತು.