ಗಾಡಿ ನಿಂತ್ರೆ ತಪ್ಪೆಲ್ಲಾ ಬ್ಯಾಟರಿದಾ? ಹಳೇ ಸಣ್ಣ ಕಾರಿನ ಜೊತೆ ಬಾಳೋದು ಹೇಗೆ

ಈ ಸಂಚಿಕೆಯ ಬರಹರೂಪ ಇಲ್ಲಿದೆ. ಇವತ್ತಿನ ವಿಷಯ ನಮ್ಮಲ್ಲಿ ಬಹಳ ಜನರ ಮನೆ ಮುಂದೆ ನಿಂತಿರೋದು: ಹಳೇ ಸಣ್ಣ ಕಾರು.

ಚುಂಚನಕಟ್ಟೆಯ ನಮ್ಮ ಮನೆಯಲ್ಲೂ ಒಂದಿದೆ. 2006ರದ್ದು. ಕಂಪನಿ ಹೆಸರು ಬೇಡ ಬಿಡಿ. ಐದು ಜನ ಕೂರಬಹುದು, ಹಿಂದೆ ಎರಡು ಮೂಟೆ ಹಿಂಡಿ ಹಾಕಬಹುದು, ಜನವರಿಯ ದನಗಳ ಜಾತ್ರೆಯ ನೂಕುನುಗ್ಗಲಲ್ಲೂ ಸಂದಿಯಲ್ಲಿ ನುಸುಳುತ್ತೆ. ತೊಂದರೆ ಒಂದೇ, ಯಾವಾಗ ನಿಲ್ಲುತ್ತೋ ಗೊತ್ತಾಗಲ್ಲ.

ಹೋದ ಬೇಸಿಗೆಯಲ್ಲಿ ಅವ್ವನನ್ನು ಹೃದಯದ ತಪಾಸಣೆಗೆ ಮೈಸೂರಿಗೆ ಕರಕೊಂಡು ಹೊರಟಿದ್ದೆ. ಕೆ.ಆರ್. ನಗರ ದಾಟಿ ಸಾಗರಕಟ್ಟೆ ಹತ್ತಿರ ಎಂಜಿನ್ ಆಫ್. ಬಿಸಿಲಲ್ಲಿ ಅರ್ಧ ಗಂಟೆ ನಿಂತೆವು. ಆಮೇಲೆ ಕೀ ತಿರುಗಿಸಿದರೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಸ್ಟಾರ್ಟ್ ಆಯ್ತು. ‘ಈ ಗಾಡಿನ ನಂಬ್ಕೊಂಡು ನಾನಿನ್ನು ಬರಕಿಲ್ಲ ಕಣ್ಮಗ’ ಅಂದ್ಬಿಟ್ಟಳು ಅವ್ವ.

ಅದಕ್ಕೂ ಮುಂಚೆ ಇದೇ ತೊಂದರೆಗೆ ಹೊಸ ಬ್ಯಾಟರಿ ಹಾಕಿಸಿದ್ದೆ. ದುಡ್ಡು ದಂಡ. ಯಾಕೆ ಅಂತ ನೋಡೋಣ.

ಸದ್ದು ಕೇಳಿ, ಆಮೇಲೆ ಖರ್ಚು ಮಾಡಿ

ಕೀ ತಿರುಗಿಸಿದಾಗ ಬರೀ ‘ಟಿಕ್ ಟಿಕ್’ ಅಂದರೆ, ಇಲ್ಲವೇ ಎಂಜಿನ್ ಎಳೆದೆಳೆದು ತಿರುಗಿದರೆ, ಅನುಮಾನ ಮೊದಲು ಬ್ಯಾಟರಿ ಮೇಲೆ ಹೋಗಬೇಕು. ಅದರ ತುದಿಗೆ ಬೆಳ್ಳಗೆ ಪುಡಿ ಕಟ್ಟಿದ್ದರೂ ಹೀಗೇ ಆಗುತ್ತೆ. ಮೀಟರ್ ಇಟ್ಟು ನೋಡಿಸಿ. ಗಾಡಿ ಆಫ್ ಆಗಿ ಕೆಲ ಗಂಟೆ ಕಳೆದ ಮೇಲೆ ಸುಮಾರು 12.6 ವೋಲ್ಟ್ ಇದ್ದರೆ ತುಂಬಿದೆ ಅಂತ. 12ರ ಹತ್ತಿರ ಇದ್ದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ 14ರ ಆಸುಪಾಸು ಬರಬೇಕು. ಬರದಿದ್ದರೆ ಕೆಟ್ಟಿರೋದು ಬ್ಯಾಟರಿಯಲ್ಲ, ಅದಕ್ಕೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಇರಬಹುದು.

ಎಂಜಿನ್ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಅದು ಪೆಟ್ರೋಲಿನದೋ ಕಿಡಿಯದೋ ಸಮಸ್ಯೆ. ಇಂಜೆಕ್ಷನ್ ಇರುವ ಕಾರಾದರೆ ಕೀ ಆನ್ ಮಾಡಿ ಸುಮ್ಮನೆ ಕಿವಿಗೊಡಿ. ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ‘ಗುಯ್’ ಅನ್ನುತ್ತೆ. ಅದು ಟ್ಯಾಂಕ್ ಒಳಗಿನ ಪೆಟ್ರೋಲ್ ಪಂಪ್. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ, ಪಂಪ್ ಈ ಮೂರನ್ನೂ ನೋಡಿಸಿ.

ನಮ್ಮ ಗಾಡಿಯ ಹಾಗೆ ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಹೊರಟರೆ? ಸೋತ ಪಂಪ್, ಇಲ್ಲವೇ ಕಿಡಿ ಕೊಡುವ ಕಾಯಿಲ್ ಕಾರಣ ಇರಬಹುದು. ನಮ್ಮದರಲ್ಲಿ ಪಂಪ್. ಫಿಲ್ಟರ್ ತುಂಬಾ ಕೆಸರು ಕಟ್ಟಿತ್ತು. ಮೆಕ್ಯಾನಿಕ್ ಕೇಳಿದ್ದು ಒಂದೇ ಮಾತು: ‘ಅಣ್ಣ, ಯಾವಾಗ್ಲೂ ಇನ್ನೂರು ರೂಪಾಯಿ ಪೆಟ್ರೋಲೇ ಹಾಕ್ಸೋದಾ?’

ಹೌದು, ಹಾಗೇ ಹಾಕಿಸ್ತಿದ್ದೆ. ಪಂಪಿಗೆ ತಂಪು ಸಿಗೋದು ಸುತ್ತ ಇರುವ ಪೆಟ್ರೋಲಿನಿಂದಲೇ. ಸದಾ ರಿಸರ್ವ್‌ನಲ್ಲೇ ಓಡಿಸಿದರೆ ಅದು ಕಾದು ಕಾದು ಬೇಗ ಸೋಲುತ್ತೆ.

ಗದ್ದೆಯ ಕಬ್ಬು ಟ್ಯಾಂಕಿಗೆ ಬಂದಾಗ

ಈಗ ಬಂಕ್‌ನಲ್ಲಿ ಸಿಗೋದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್, ಅಂದರೆ ಇ-20. ಇದರ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಎಥೆನಾಲ್ ಬರೋದು ಕಬ್ಬು, ಮುಸುಕಿನ ಜೋಳ, ಅಕ್ಕಿಯಿಂದ. ಕಬ್ಬು ಬೆಳೆಯುವ ನಮ್ಮ ಸೀಮೆಗೆ ಇದು ಒಳ್ಳೇ ಸುದ್ದಿಯೇ. ಹಳೇ ಕಾರಿಗೆ ಮಾತ್ರ ಸ್ವಲ್ಪ ಕಷ್ಟ.

ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಬರೀ ಪೆಟ್ರೋಲಿಗೆಂದು ಮಾಡಿ ಇ-10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಎಥೆನಾಲ್ ತೇವ ಹೀರುತ್ತೆ, ಟ್ಯಾಂಕಿನ ಹಳೇ ಕೊಳೆಯನ್ನು ಎಬ್ಬಿಸುತ್ತೆ, ಹಳೇ ಕಾಲದ ರಬ್ಬರ್ ಪೈಪುಗಳನ್ನು ಸವೆಸುತ್ತೆ. ತಿಂಗಳುಗಟ್ಟಲೆ ನಿಂತ ಗಾಡಿಗೆ ಇದರಿಂದ ಹೆಚ್ಚು ಪೆಟ್ಟು.

ಹಾಗಾಗಿ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯದಿರಲಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ಡೇರಿಗೆ ಹೋಗಿ ಬರುವಷ್ಟು ಓಟದಲ್ಲಿ ಬ್ಯಾಟರಿಯೂ ತುಂಬಲ್ಲ. ಫಿಲ್ಟರನ್ನು ಕಾಲಕ್ಕೆ ಸರಿಯಾಗಿ ಬದಲಿಸಿ. ಪೈಪುಗಳನ್ನು ಒತ್ತಿ ನೋಡಿ. ಬಿರುಕು, ಅಂಟು, ಪೆಟ್ರೋಲ್ ವಾಸನೆ ಇದ್ದರೆ ಕೂಡಲೇ ಹೊಸದು ಹಾಕಿಸಿ. ಅದರಲ್ಲಿ ಉಳಿತಾಯ ಬೇಡ, ಬೆಂಕಿಯ ಮಾತು.

ಇಟ್ಟುಕೊಳ್ಳೋದಾ, ಕೊಡೋದಾ?

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಕಚೇರಿಯಲ್ಲಿ ಗಾಡಿ ತೋರಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಶುಲ್ಕ 5,000 ರೂಪಾಯಿ ಆಯ್ತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಹಸಿರು ತೆರಿಗೆ, ವಿಮೆ ಬೇರೆ.

ನಾನು ಮಾಡಿದ್ದು ಇಷ್ಟು. ಒಂದು ವರ್ಷದ ರಿಪೇರಿ ಚೀಟಿಗಳನ್ನೆಲ್ಲಾ ಕೂಡಿಸಿದೆ. ಮೊತ್ತ ಹೊಸ ಕಾರಿನ ಮೂರು ಕಂತಿಗೂ ಬರಲಿಲ್ಲ. ಹಾಗಾಗಿ ಗಾಡಿ ಸದ್ಯಕ್ಕೆ ಇರಲಿ ಅಂದುಕೊಂಡಿದ್ದೇವೆ. ಆದರೆ ತಳ ತುಕ್ಕು ತಿಂದಿದ್ದರೆ, ಬ್ರೇಕ್ ಪದೇ ಪದೇ ಕೈಕೊಡುತ್ತಿದ್ದರೆ ಲೆಕ್ಕ ಹಾಕೋದೇ ಬೇಡ, ಕೊಟ್ಟುಬಿಡಿ. ದಾರಿಯಲ್ಲಿ ನಿಲ್ಲುವ ಗಾಡಿ ಸಮಯ ತಿನ್ನುತ್ತೆ, ನಿಲ್ಲದ ಗಾಡಿ ಜೀವ ತಿನ್ನುತ್ತೆ.

ಇನ್ನೊಂದು ನಿಯಮವನ್ನೂ ಮಾಡಿಕೊಂಡಿದ್ದೇವೆ. ಸಂತೆಗೆ, ತೋಟಕ್ಕೆ, ನೆಂಟರ ಮನೆಗೆ ಈ ಕಾರು. ಆಸ್ಪತ್ರೆಗೆ ಟೈಮ್ ಕೊಟ್ಟಿದ್ದರೆ ಹಿಂದಿನ ದಿನವೇ ಬಾಡಿಗೆ ಗಾಡಿಗೆ ಹೇಳಿಟ್ಟಿರುತ್ತೇವೆ. ತುರ್ತಾದರೆ 108.

ಪಂಪ್ ಬದಲಿಸಿದ ಮೇಲೆ ಕಾರು ಇನ್ನೂ ನಿಂತಿಲ್ಲ. ಮೊನ್ನೆ ಅವ್ವ ಅದರಲ್ಲೇ ಕೋದಂಡರಾಮನ ದೇವಸ್ಥಾನಕ್ಕೆ ಹೋಗಿ ಬಂದಳು. ಮೈಸೂರಿಗೆ ಕರೆದರೆ ಮಾತ್ರ ಈಗಲೂ ‘ಬಸ್ಸಲ್ಲಿ ಹೋಗನ ಬಾ’ ಅಂತಾಳೆ.